ಓಲೆಗರಿಯಲ್ಲಿ ದೊರೆತ ಕೌಟಿಲ್ಯ

ಕಾವೇರಿ ತೀರದ ರುದ್ರಪಟ್ಟಣವೆಂದರೆ ನಮಗೆಲ್ಲ ಮೊದಲು ನೆನಪಾಗುವುದು ಸಂಗೀತ. ಆದರೆ 1868ರಲ್ಲಿ ಅಲ್ಲಿ ಜನಿಸಿದ ಡಾ. ಆರ್. ಶಾಮಶಾಸ್ತ್ರಿಗಳು ಹೆಸರಾದದ್ದು ಓಲೆಗರಿಗಳಿಂದ. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಅವರು ಗ್ರಂಥಪಾಲಕರಾಗಿದ್ದರು. ಹಳೆಯ ಕಟ್ಟುಗಳನ್ನು ಬಿಚ್ಚಿ, ಲಿಪಿ ಗುರುತಿಸಿ, ಪಟ್ಟಿ ಮಾಡುವ ಕೆಲಸ. ಸಂಬಳಕ್ಕಿಂತ ತಾಳ್ಮೆ ಹೆಚ್ಚು ಬೇಡುವ ಕೆಲಸವೆನ್ನಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಕಟ್ಟನ್ನು ಲೈಬ್ರರಿಗೆ ಒಪ್ಪಿಸಿದರು. ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕೂ ಇತ್ತು. ಪಟ್ಟಿಗೆ ಒಂದು ಸಾಲು ಸೇರಿಸಿ ಕಪಾಟಿಗೆ ಏರಿಸಿದ್ದರೆ ಶಾಸ್ತ್ರಿಗಳ ಕರ್ತವ್ಯ ಮುಗಿಯುತ್ತಿತ್ತು. ಅವರು ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ಬೇರೆ ಗ್ರಂಥಗಳ ಉಲ್ಲೇಖಗಳಿಂದಷ್ಟೇ ವಿದ್ವಾಂಸರಿಗೆ ಪರಿಚಿತವಾಗಿದ್ದ ಕೃತಿ ಇಡಿಯಾಗಿ ಕೈಗೆ ಬಂದಿತ್ತು. 1905ರಿಂದ ಅನುವಾದದ ಭಾಗಗಳು ಪತ್ರಿಕೆಗಳಲ್ಲಿ ಬಂದವು. 1909ರಲ್ಲಿ ಸಂಸ್ಕೃತ ಮೂಲವೂ, 1915ರಲ್ಲಿ ಫ್ಲೀಟ್ ಅವರ ಮುನ್ನುಡಿಯೊಡನೆ ಇಂಗ್ಲಿಷ್ ಅನುವಾದವೂ ಪುಸ್ತಕವಾದವು. ಭಾರತೀಯರಿಗೆ ಪರಲೋಕದ ಚಿಂತೆಯೇ ಹೊರತು ರಾಜ್ಯಾಡಳಿತದ ವಿಚಾರವಿಲ್ಲವೆಂದು ನಂಬಿದ್ದವರು ತೆರಿಗೆ, ಗಣಿ, ತೂಕ-ಅಳತೆಗಳ ಈ ಪುಸ್ತಕವನ್ನು ನೋಡಿ ಬೆರಗಾದರು.

ವೈದ್ಯರಾದ ನಮ್ಮನ್ನು ಸೆಳೆಯುವುದು ಅದರ ನಾಲ್ಕನೆಯ ಅಧಿಕರಣ. ಹಠಾತ್ತಾಗಿ ಸತ್ತವನ ದೇಹಕ್ಕೆ ಎಣ್ಣೆ ಸವರಿ ಪರೀಕ್ಷಿಸಬೇಕು. ಕೊರಳು ಬಿಗಿದದ್ದೋ, ನೀರಿನಲ್ಲಿ ಮುಳುಗಿದ್ದೋ, ವಿಷವೋ ಎಂಬುದನ್ನು ಲಕ್ಷಣಗಳಿಂದ ನಿರ್ಧರಿಸಬೇಕು. ಮೆಡಿಕಲ್ ಕಾಲೇಜಿನಲ್ಲಿ ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಮುಂದೆ ಶಾಸ್ತ್ರಿಗಳು ಮೈಸೂರು ಪುರಾತತ್ವ ಇಲಾಖೆಯನ್ನೂ ನಡೆಸಿದರು. 1944ರಲ್ಲಿ ತೀರಿಕೊಂಡರು. ಲೈಬ್ರರಿ 1916ರಲ್ಲೇ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಆ ಓಲೆಗರಿಗಳು ಈಗಲೂ ಅಲ್ಲಿಯೇ, ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿವೆ.