ಕೆನಡಾದ ರೈತರ ಸೀಮೆಯಿಂದ ಬಂದು ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಕಟ್ಟಿದ ಕೋಲ್ಮನ್

ಮಂಡ್ಯ: ಸಕ್ಕರೆ ನಾಡು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ಕೋತೀವಿ. ಆ ಹೆಸರಿನ ಹಿಂದೆ ಮೈಸೂರು ಮಹಾರಾಜರು, ದಿವಾನರ ಜತೆಗೆ ದೂರದ ಕೆನಡಾದ ಒಬ್ಬ ವಿಜ್ಞಾನಿಯೂ ಇದ್ದಾರೆ. ಅವರೇ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದ ಡರ್ಹಮ್ ಕೌಂಟಿಯಲ್ಲಿ. ಬ್ರಿಟನ್, ಐರ್ಲೆಂಡ್ ಕಡೆಯಿಂದ ವಲಸೆ ಬಂದವರು ಕಾಡು ಕಡಿದು, ಬೇರು ಕಿತ್ತು ಹೊಲ ಮಾಡಿಕೊಂಡ ಸೀಮೆ ಅದು. ಟೊರಾಂಟೊದಲ್ಲಿ ಪದವಿ, ಜರ್ಮನಿಯ ಗಾಟಿಂಗನ್‌ನಲ್ಲಿ ಡಾಕ್ಟರೇಟ್. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದಾಗ ವಯಸ್ಸು ಮೂವತ್ತು. ಬೆಳೆಗೆ ಬೀಳುವ ಹುಳ, ರೋಗ ನೋಡುವುದು ಅವರ ಕೆಲಸ.

ಬಂದವರಿಗೆ ಮೊದಲು ಎದುರಾದದ್ದು ಮಲೆನಾಡಿನ ಅಡಿಕೆ ಕೊಳೆರೋಗ. ಮಳೆಗಾಲದಲ್ಲಿ ಗೊನೆಗೊನೆಯೇ ಉದುರಿ ಹೋಗುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟಿ ಕಾಪಾಡಿಕೊಳ್ಳುವುದೇ ರೈತರಿಗಿದ್ದ ದಾರಿ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಸಿಂಪಡಿಸಬೇಕು ಅಂತ ಕೋಲ್ಮನ್ ತೋರಿಸಿಕೊಟ್ಟರು. ನೂರು ವರ್ಷ ಕಳೆದರೂ ಅಡಿಕೆ ತೋಟದವರು ಅದನ್ನು ಬಿಟ್ಟಿಲ್ಲ. ಜೋಳದ ಹೊಲ ತಿನ್ನುವ ರೆಕ್ಕೆಯಿಲ್ಲದ ಮಿಡತೆಯೊಂದಕ್ಕೆ ವಿಜ್ಞಾನಿಗಳು ಇಟ್ಟ ಹೆಸರೇ ಕೋಲ್ಮೇನಿಯಾ! ಹುಳದ ಮೇಲೆ ಹೆಸರು ಉಳಿಯುವುದು ಎಲ್ಲರಿಗೂ ಸಿಗುವ ಗೌರವವಲ್ಲ ಬಿಡಿ.

ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ರಾಗಿ ತಳಿ ಸುಧಾರಣೆ, ಕಬ್ಬಿಣದ ನೇಗಿಲು, ಹೀಗೆ ಕೆಲಸ ಹಬ್ಬುತ್ತಾ ಹೋಯಿತು.

ಮಂಡ್ಯದ ಕಥೆ ಶುರುವಾಗುವುದು ನಾಲೆಯಿಂದ. ಕನ್ನಂಬಾಡಿ ಕಟ್ಟೆಯ ನೀರು ಹುಲಿಕೆರೆ ಸುರಂಗ ದಾಟಿ, ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಹರಿದದ್ದು 1930ರ ದಶಕದ ಆರಂಭದಲ್ಲಿ. ಅಲ್ಲಿತನಕ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಿಗೆ ಏಕಾಏಕಿ ನೀರು! ನೀರು ಬಂತು ಸರಿ, ಬೆಳೆಯೋದೇನು? ಎಲ್ಲರೂ ಭತ್ತಕ್ಕೇ ಬಿದ್ದರೆ ನಾಲೆಯ ಕೊನೆ ಭಾಗದವರಿಗೆ ನೀರು ಮುಟ್ಟುವುದಿಲ್ಲ. ಕಬ್ಬು ಹಾಕಿದರೆ, ಆಲೆಮನೆಯ ಬೆಲ್ಲಕ್ಕೆ ಆ ಆರ್ಥಿಕ ಕುಸಿತದ ಕಾಲದಲ್ಲಿ ಬೆಲೆಯೇ ಇರಲಿಲ್ಲ.

ಕಬ್ಬಿನದು ಇನ್ನೊಂದು ತೊಡಕು. ಕಡಿದ ಮೇಲೆ ಇಡಲಾಗುವುದಿಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ಗದ್ದೆಯ ಪಕ್ಕದಲ್ಲೇ ಕಾರ್ಖಾನೆ ಬೇಕು. ಇದನ್ನು ಕೋಲ್ಮನ್ ಚೆನ್ನಾಗಿ ಅರಿತಿದ್ದರು. ನಾಲೆ ನೀರಿಗೆ ಹೊಂದುವ ಬೆಳೆ ಪರೀಕ್ಷಿಸಲು 1931ರಲ್ಲಿ ಮಂಡ್ಯದ ಹತ್ತಿರ ಕೃಷಿ ಕ್ಷೇತ್ರ ತೆರೆಯಿತು, ಅದೇ ಇವತ್ತಿನ ವಿ.ಸಿ. ಫಾರಂ. 1932ರಲ್ಲಿ ದೇಶದ ಸಕ್ಕರೆ ಉದ್ಯಮಕ್ಕೆ ರಕ್ಷಣಾ ಕಾಯ್ದೆ ಬಂದು ಹೊರದೇಶದ ಸಕ್ಕರೆಯ ಪೈಪೋಟಿ ತಗ್ಗಿತು. ಅದೇ ಹೊತ್ತು ನೋಡಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸರ್ಕಾರದ ಜತೆ ರೈತರೂ ಷೇರುದಾರರಾದರು. ನಮ್ಮ ಮೈಷುಗರ್ ಅದೇ.

ಕಾರ್ಖಾನೆ ಬಂದ ಮೇಲೆ ಊರಿನ ಚಹರೆಯೇ ಬದಲಾಯಿತು. ಎತ್ತಿನಗಾಡಿ ಸಾಲು, ಕಬ್ಬಿನ ಬಟವಾಡೆ ದಿನ ಪೇಟೆಯಲ್ಲಿ ವ್ಯಾಪಾರ, ಜವಳಿ ಅಂಗಡಿಯಿಂದ ಹೋಟೆಲ್ ತನಕ ಆ ದುಡ್ಡಿನದೇ ಓಡಾಟ. 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯೇ ಆಯಿತು.

ಅದನ್ನು ನೋಡಲು ಕೋಲ್ಮನ್ ಇಲ್ಲಿರಲಿಲ್ಲ. 1934ರಲ್ಲೇ ನಿವೃತ್ತರಾಗಿ ಕೆನಡಾಕ್ಕೆ ಮರಳಿದ್ದರು. ಅಲ್ಲಿಯೂ ಸುಮ್ಮನೆ ಕೂರದೆ ಸಸ್ಯಕೋಶಗಳ ಸಂಶೋಧನೆಗೆ ಕೈಹಾಕಿದರು. 1954ರಲ್ಲಿ ತೀರಿಕೊಂಡರು.

ಅವರು ಕಟ್ಟಿದ ಕಾರ್ಖಾನೆ ಈಚಿನ ವರ್ಷಗಳಲ್ಲಿ ನಿಂತೇ ಹೋಗಿ, ಖಾಸಗಿಗೆ ಕೊಡಬೇಡಿ ಅಂತ ರೈತರು ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. 2022ರಲ್ಲಿ ಸರ್ಕಾರದ ಕೈಯಲ್ಲೇ ಮತ್ತೆ ಕಬ್ಬು ಅರೆಯಲು ಶುರುವಾಯಿತು. ವಿ.ಸಿ. ಫಾರಂನಲ್ಲಿ ಕಬ್ಬು, ಭತ್ತ, ರಾಗಿ ತಳಿಗಳ ಕೆಲಸ ಇಂದಿಗೂ ನಡೆದಿದೆ.