ಫಲ ಕಾಣದ ವರ್ಷಗಳು

ಈ ದಿನ ಒಬ್ಬ ದೇವಸೇವಕರ ಜೀವಿತವನ್ನು ನಿಮ್ಮ ಮುಂದೆ ಇಡ್ತೀನಿ. ಸೇವೆ ಮಾಡ್ತಾ ಇದ್ದೀನಿ, ಫಲ ಮಾತ್ರ ಕಾಣ್ತಾ ಇಲ್ಲ ಅಂತ ಸೋತು ಕೂತಿರೋರು ಗಮನವಿಟ್ಟು ಕೇಳಿ.

ಹೈರಮ್ ಬಿಂಗ್‌ಹ್ಯಾಮ್ 1831ರಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಹುಟ್ಟಿದರು. ತಂದೆ ತಾಯಿ ಇಬ್ಬರೂ ಮಿಷನರಿಗಳು. ಮಗ ಅಮೆರಿಕದ ಯೇಲ್‌ನಲ್ಲಿ ಓದಿದರು. ಅಲ್ಲೇ ಸುಖವಾಗಿ ಇರಬಹುದಿತ್ತು, ಅಲ್ವಾ? ಆದರೆ 1856ರ ಕೊನೆಯಲ್ಲಿ, ಮದುವೆಯಾದ ಹೊಸದರಲ್ಲೇ, ಪತ್ನಿ ಕ್ಲಾರಿಸಾ ಅವರ ಜೊತೆ ಬಾಸ್ಟನ್‌ನಲ್ಲಿ 'ಮಾರ್ನಿಂಗ್ ಸ್ಟಾರ್' ಹಡಗು ಹತ್ತಿದರು. ಆ ಹಡಗು ಯಾರ ಹಣದಲ್ಲಿ ಆಯ್ತು ಗೊತ್ತಾ? ಸಂಡೇಸ್ಕೂಲ್ ಮಕ್ಕಳು ಕೂಡಿಸಿ ಕೊಟ್ಟ ಚಿಲ್ಲರೆ ಕಾಸಿನಲ್ಲಿ!

1857ರ ನವೆಂಬರ್‌ನಲ್ಲಿ ಗಿಲ್ಬರ್ಟ್ ದ್ವೀಪಗಳ ಅಬಾಯಾಂಗ್‌ನಲ್ಲಿ ಇಳಿದರು. ಅದು ಇಂದಿನ ಕಿರಿಬಾಸ್ ದೇಶ. ಬೆಟ್ಟ ಇಲ್ಲ, ಹೊಳೆ ಇಲ್ಲ. ಹವಳದ ಮೇಲೆ ಬರೀ ಮರಳು. ನೆಲ ಸ್ವಲ್ಪ, ಉಣ್ಣೋ ಬಾಯಿ ಬಹಳ. ತೆಂಗು, ಮೀನು, ಕೇದಗೆ ಜಾತಿಯ ಮರದ ಹಣ್ಣು, ಗುಂಡಿ ತೋಡಿ ಬೆಳೆಸಿದ ಗೆಡ್ಡೆ, ಇಷ್ಟೇ ಆಹಾರ. ಮಳೆ ತಪ್ಪಿದರೆ ಅದಕ್ಕೂ ಕಷ್ಟ.

ಆ ಜನರ ಭಾಷೆಗೆ ಬರವಣಿಗೆಯೇ ಇರಲಿಲ್ಲ. ಕಲಿಸಲು ಬಂದವರು ಮೊದಲು ಕಲಿಯಲು ಕೂತರು. ಒಂದೊಂದೇ ಮಾತು ಕೇಳಿ, ಅಕ್ಷರಕ್ಕೆ ಇಳಿಸಿ, ಅದೇ ಅಕ್ಷರವನ್ನು ದಂಪತಿಗಳಿಬ್ಬರೂ ಅವರಿಗೆ ಕಲಿಸಿದರು. ಹವಾಯಿಯಿಂದ ಬಂದ ಸೇವಕರೂ ಅವರ ಜೊತೆ ದುಡಿದರು. ಏಳು ವರ್ಷ ಕಳೆಯಿತು. ಸಭೆಗೆ ಸೇರಿದವರು ಸ್ವಲ್ಪವೇ ಜನ. 1864ರಲ್ಲಿ ಆರೋಗ್ಯ ಪೂರ್ತಿ ಕೆಟ್ಟು ಹೊನೊಲುಲುವಿಗೆ ಹಿಂದಿರುಗಬೇಕಾಯಿತು.

ಇಲ್ಲಿಗೆ ಸೇವೆ ಮುಗೀತಾ? ಇಲ್ಲ! ದ್ವೀಪ ದೂರವಾಯಿತು, ಭಾರ ದೂರವಾಗಲಿಲ್ಲ. ಒಮ್ಮೆ ಎರಡನೇ 'ಮಾರ್ನಿಂಗ್ ಸ್ಟಾರ್'ಗೆ ತಾವೇ ಕ್ಯಾಪ್ಟನ್ ಆಗಿ ಹೋದರು. ದೇಹ ಸಹಕರಿಸದಿದ್ದಾಗ ಮೇಜಿನ ಮುಂದೆ ಕೂತು ಬೈಬಲ್ ಅನುವಾದ ಮುಂದುವರಿಸಿದರು. 1873ರಲ್ಲಿ ಹೊಸ ಒಡಂಬಡಿಕೆ ಮುಗಿಯಿತು. ಇಡೀ ಬೈಬಲ್ ಮುಗಿದದ್ದು 1890ರಲ್ಲಿ. ಆ ದಡದಲ್ಲಿ ಕಾಲಿಟ್ಟು ಆಗ 33 ವರ್ಷ! ಆ ಭಾಷೆಯ ನಿಘಂಟು 1908ರಲ್ಲಿ ಹೊರಬಂತು. ಅದೇ ವರ್ಷ ಅವರು ಕರ್ತನ ಬಳಿಗೆ ಸೇರಿದರು.

ಇವತ್ತು ಕಿರಿಬಾಸ್‌ನ ಬಹುಪಾಲು ಜನ ಕ್ರೈಸ್ತರು. 1864ರಲ್ಲಿ ಕಾಯಿಲೆಯಿಂದ ಹಡಗು ಹತ್ತಿದ ಆ ಮನುಷ್ಯನ ಕಣ್ಣಿಗೆ ಇದು ಕಂಡಿತ್ತಾ? ನಿಮ್ಮ ಓಣಿಯಲ್ಲಿ ಐದು ಮಕ್ಕಳಿಗೆ ಸಂಡೇಸ್ಕೂಲ್ ನಡೆಸೋ ಅಕ್ಕ, ಹಾಸಿಗೆ ಹಿಡಿದು ಪ್ರಾರ್ಥನೆ ಮಾತ್ರ ಮಾಡಬಲ್ಲ ಅಜ್ಜ, ನಿಮಗೇ ಹೇಳ್ತಿದ್ದೀನಿ: ಬಿತ್ತಿದ್ದನ್ನು ಕರ್ತನು ಮರೆಯೋದಿಲ್ಲ. ನಿಮ್ಮಿಂದ ಆಗುವ ಕೆಲಸ ಇನ್ನೂ ಇದೆ. ಎದ್ದು ನಿಲ್ಲಿ, ಪ್ರಾರ್ಥಿಸೋಣ. ಆಮೆನ್.