ಜೋಜಿಲಾ ದಾರಿ ತೆರೆಸಿದ ಜನರಲ್ ತಿಮ್ಮಯ್ಯ

1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿ (1957-61) ನಾಡಿಗೆಲ್ಲ ಪರಿಚಿತರು. ಆದರೆ ಅವರ ಯುದ್ಧಪ್ರತಿಭೆ ಬೆಳಗಿದ್ದು ಅದಕ್ಕೂ ಮೊದಲು, 1948ರ ಕಾಶ್ಮೀರ ಕದನದಲ್ಲಿ.

ಆ ವರ್ಷದ ಬೇಸಿಗೆಯಲ್ಲಿ ಪಾಕಿಸ್ತಾನದ ಕಡೆಯ ಪಡೆಗಳು ಕಾರ್ಗಿಲ್, ದ್ರಾಸ್ ಹಾಗೂ ಜೋಜಿಲಾ ಕಣಿವೆಮಾರ್ಗವನ್ನು ವಶಪಡಿಸಿಕೊಂಡವು. ಶ್ರೀನಗರದಿಂದ ಲೇಹ್‌ಗೆ ಧಾನ್ಯ, ಮದ್ದುಗುಂಡು ಸಾಗುತ್ತಿದ್ದ ಹಾದಿ ಕಡಿದುಹೋಯಿತು. ಡಿವಿಷನ್ನಿನ ದಂಡನಾಯಕರಾಗಿದ್ದ ತಿಮ್ಮಯ್ಯ, ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ನಡೆಸಿದ ಡಕೋಟಾ ವಿಮಾನದಲ್ಲಿ ತಾವೇ ಕುಳಿತು ಲೇಹ್‌ನಲ್ಲಿ ಇಳಿದರು. ಆಕಾಶಮಾರ್ಗವೇನೋ ತೆರೆಯಿತು. ಆದರೆ ಬೆರಳೆಣಿಕೆಯ ವಿಮಾನಗಳನ್ನೇ ನಂಬಿ ಲಡಾಖನ್ನು ಉಳಿಸಿಕೊಳ್ಳುವಂತಿರಲಿಲ್ಲ. ಚಳಿಗಾಲಕ್ಕೆ ಮುನ್ನ ನೆಲದ ದಾರಿ ಬೇಕೇಬೇಕಿತ್ತು.

ಸೆಪ್ಟೆಂಬರಿನಲ್ಲಿ ಕಾಲಾಳುಗಳ ದಾಳಿ ವಿಫಲವಾಯಿತು. ಆಗ ಸುಮಾರು 11,500 ಅಡಿ ಎತ್ತರಕ್ಕೆ ಟ್ಯಾಂಕ್ ಏರಿಸುವ ಸಾಹಸಕ್ಕೆ ತಿಮ್ಮಯ್ಯ ಕೈಹಾಕಿದರು. ಬೆಂಗಳೂರೇ ನೆಲೆಯಾದ ಮದ್ರಾಸ್ ಸ್ಯಾಪರ್ಸ್ ಯೋಧರು ಹೇಸರಗತ್ತೆಗಳ ಜಾಡನ್ನು ಅಗಲಗೊಳಿಸಿದರು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ತೋಪಿನ ಗೋಪುರ ಕಳಚಿ, ಗುಟ್ಟಾಗಿ ತರಲಾಯಿತು. ನವೆಂಬರ್ 1ರಂದು ಹಿಮದ ನಡುವೆ ಅವು ಎದುರಾದಾಗ ಶತ್ರುಪಡೆ ಕಂಗೆಟ್ಟಿತು. ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ಜನರಲ್ ಇದ್ದರು. ತಿಂಗಳೊಳಗೆ ದ್ರಾಸ್, ಕಾರ್ಗಿಲ್ ಮರಳಿ ಕೈಸೇರಿದವು.

1953ರಲ್ಲಿ ಕೊರಿಯಾದಲ್ಲಿ ಅವರಿಗೆ ಎದುರಾದುದು ಪ್ರಚಾರ ಸಮರ. ಸ್ವದೇಶಕ್ಕೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಎರಡೂ ಬಣಗಳಿಗೆ ದಾಳಗಳಾಗಿದ್ದರು. ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ತಿಮ್ಮಯ್ಯ ಬಲವಂತಕ್ಕೆ ಎಡೆಗೊಡಲಿಲ್ಲ. ಉಭಯ ಬಣಗಳ ಟೀಕೆಯನ್ನೂ ಕೇಳಬೇಕಾಯಿತು.

ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನೇತೃತ್ವ ವಹಿಸಿದ್ದಾಗಲೇ 1965ರ ಡಿಸೆಂಬರ್ 18ರಂದು ನಿಧನರಾದರು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು.